ಹೊಸ ಮನೆಯಲ್ಲಿ ಲೈಟ್ ಪಾಯಿಂಟ್ ಎಲ್ಲೆಲ್ಲಿ ಕೊಡಿಸಬೇಕು?

ಪ್ಲಾಸ್ಟರಿಂಗ್‌ಗೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆಮೇಲೆ ಗೋಡೆ ಕೊರೆಸುವ ರಗಳೆ ಯಾರಿಗೂ ಬೇಡ.

ಮೊದಲು ಅಡುಗೆಮನೆ ನೋಡಿ. ಸುಮ್ನೆ ಎಲೆಕ್ಟ್ರಿಷಿಯನ್‌ಗೆ ಬಿಟ್ಟರೆ ಕಟ್ಟೆಗೆ ಎದುರಿನ ಗೋಡೆಯ ಮೇಲೆ ಒಂದು ಟ್ಯೂಬ್‌ಲೈಟ್ ಹಾಕಿ ಹೋಗುತ್ತಾರೆ. ಆಗ ಬೆಳಕು ನಿಮ್ಮ ಬೆನ್ನ ಹಿಂದೆ, ನಿಮ್ಮದೇ ನೆರಳು ಹೆಚ್ಚುವ ತರಕಾರಿ ಮೇಲೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಮೇಲಿನ ಕಪಾಟಿನ ತಳಕ್ಕೆ, ಮುಂದಿನ ಅಂಚಿನ ಹತ್ತಿರ, ಎಲ್‌ಇಡಿ ಪಟ್ಟಿ ಅಂಟಿಸಿದ ಮೇಲೆ ಸರಿಹೋಯಿತು. ಕಪಾಟು ಇಲ್ಲವೇ? ಕಟ್ಟೆಯ ಅಂಚಿನ ನೇರಕ್ಕೆ ಸೀಲಿಂಗ್‌ನಲ್ಲಿ ಪಾಯಿಂಟ್ ಕೊಡಿಸಿ.

ಎರಡನೆಯ ತಲೆನೋವು ಫ್ಯಾನ್. ರೆಕ್ಕೆಗಿಂತ ಮೇಲೆ, ಅದರ ಹತ್ತಿರವೇ ಲೈಟ್ ಇದ್ದರೆ ಕೋಣೆಯೆಲ್ಲ ಮಿಣಿಮಿಣಿ ನೆರಳು. ಮಾಮೂಲಿ 48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ 2 ಅಡಿ ಚಾಚುತ್ತದೆ. ಲೈಟನ್ನು ಫ್ಯಾನಿನ ನಡುವಿನಿಂದ ಕನಿಷ್ಠ 3 ಅಡಿ ದೂರ ಇಡಿಸಿ, ಇಲ್ಲವೇ ರೆಕ್ಕೆಗಿಂತ ಕೆಳಗೆ ಗೋಡೆಗೆ ಹಾಕಿಸಿ.

ಊಟದ ಮೇಜಿನ ಮೇಲೆ ತೂಗುದೀಪ ಬೇಕಿದ್ದರೆ ಮೊದಲು ಮೇಜಿನ ಜಾಗ ನಿರ್ಧರಿಸಿ. ದೀಪದ ತಳ ಮೇಜಿನಿಂದ 30ರಿಂದ 36 ಇಂಚು ಮೇಲಿದ್ದರೆ ಸಾಕು. ಎದುರು ಕೂತವರ ಮುಖ ಕಾಣಬೇಕು ಅಲ್ವಾ?

ಬಾತ್‌ರೂಮಿನಲ್ಲಿ ಕನ್ನಡಿಯ ಎರಡೂ ಪಕ್ಕ, ಮುಖದ ಎತ್ತರಕ್ಕೆ ಲೈಟ್ ಇರಲಿ. ತಲೆ ಮೇಲೆ ಮಾತ್ರ ಇದ್ದರೆ ಕಣ್ಣಿನ ಕೆಳಗೆ ಕಪ್ಪು ನೆರಳು ಬಿದ್ದು ಶೇವಿಂಗ್ ಕಷ್ಟ. ಮೆಟ್ಟಿಲಿಗೆ ಟೂ-ವೇ ಸ್ವಿಚ್, ಮೇಲೊಂದು ಕೆಳಗೊಂದು; ಒಂದೇ ಲೈಟನ್ನು ಎರಡೂ ಕಡೆಯಿಂದ ಹಾಕಿ ಆರಿಸಬಹುದು. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು ಹಿತ. ಅಲ್ಲಿ 6500ರ ಬಿಳಿ ಬಲ್ಬ್ ಮಾತ್ರ ಹಾಕಬೇಡಿ, ಆಸ್ಪತ್ರೆ ವಾರ್ಡ್ ಥರ ಕಾಣುತ್ತದೆ.