ಬಡಗಿ ಕೆಲಸ ಬಾರದವರು ಮನೆ ಕಟ್ಟುವ ಸೈಕಲ್ ಯಾತ್ರೆಗೆ ಸೇರಬಹುದೇ?

ವಾರಕ್ಕೊಮ್ಮೆ ಮೂವತ್ತು ಕಿಲೋಮೀಟರ್ ಸೈಕಲ್ ತುಳಿಯುವ, ಸುತ್ತಿಗೆ ಹಿಡಿದು ಅಭ್ಯಾಸವಿಲ್ಲದ ನೀವು ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ದಾಟುತ್ತ ದಾರಿಯಲ್ಲಿ ಮನೆ ಕಟ್ಟಿಕೊಡುವ ತಂಡವನ್ನು ಸೇರಬಹುದೇ ಎಂದು ಕೇಳಿದ್ದೀರಿ. ಜೊತೆಗೆ, ಇಷ್ಟೆಲ್ಲ ಪಾಡುಪಡುವ ಬದಲು ಆ ಹಣವನ್ನು ನೇರವಾಗಿ ಕಳುಹಿಸಿದರೆ ಹೆಚ್ಚು ಉಪಯೋಗವಲ್ಲವೇ ಎಂಬ ಅನುಮಾನವನ್ನೂ ಮುಂದಿಟ್ಟಿದ್ದೀರಿ. ಅಂಥದೊಂದು ತಂಡದಲ್ಲಿ ನಾನೂ ಸಾಗಿದ್ದೇನೆ, ಅನುಮಾನದಿಂದಲೇ ಆರಂಭಿಸುತ್ತೇನೆ.

ಲೆಕ್ಕದ ದೃಷ್ಟಿಯಿಂದ ನಿಮ್ಮ ಮಾತು ಸರಿ. ಹೊಸಬರ ಗುಂಪೊಂದು ಒಂದು ದಿನ ಮೊಳೆ ಹೊಡೆದು ಮಾಡುವ ಕೆಲಸಕ್ಕಿಂತ ಅವರು ಸಂಗ್ರಹಿಸಿ ತಂದ ದೇಣಿಗೆಯೇ ಮನೆಗೆ ಹೆಚ್ಚು ಆಧಾರ. ಆದರೆ ನೀವೊಬ್ಬರೇ ಕಳುಹಿಸಬಲ್ಲ ಮೊತ್ತಕ್ಕೆ ನಿಮ್ಮ ಜೇಬಿನ ಮಿತಿಯಿದೆ. ಸೂರಿಲ್ಲದವರ ಕಷ್ಟವನ್ನು ವಿವರಿಸಿ ಪತ್ರ ಬರೆದರೆ ಓದಿ ಸುಮ್ಮನಾಗುವ ಬಂಧುಗಳು, ಸಹೋದ್ಯೋಗಿಗಳು, ಹಳೆಯ ಸಹಪಾಠಿಗಳು, ನೀವು ಸೈಕಲ್ಲಿನಲ್ಲಿ ಒಂದು ಖಂಡವನ್ನು ದಾಟುತ್ತೀರೆಂದು ತಿಳಿದ ಕೂಡಲೇ ಕೈ ಬಿಚ್ಚುತ್ತಾರೆ. ಮನುಷ್ಯಸ್ವಭಾವಕ್ಕೆ ಇದು ಅಷ್ಟೇನೂ ಹೆಮ್ಮೆಯ ಸಂಗತಿಯಲ್ಲ, ಆದರೂ ಇಂಥ ಯಾತ್ರೆಗಳು ನಿಂತಿರುವುದೇ ಅದರ ಮೇಲೆ. ಹಾಗಾಗಿ ಹೆಸರು ನೋಂದಾಯಿಸುವ ಮೊದಲು, ಸಂಗ್ರಹವಾದ ಹಣದಲ್ಲಿ ಎಷ್ಟು ಭಾಗ ಪ್ರಯಾಣದ ಖರ್ಚಿಗೆ ಹೋಗುತ್ತದೆ, ಎಷ್ಟು ಭಾಗ ಮನೆಗಳಿಗೆ ಸಲ್ಲುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಬಹುತೇಕ ಸೇವಾಸಂಸ್ಥೆಗಳು ಪ್ರತಿವರ್ಷ ಸಲ್ಲಿಸುವ ಫಾರ್ಮ್ 990 ಎಂಬ ಲೆಕ್ಕಪತ್ರವನ್ನು ಯಾರು ಬೇಕಾದರೂ ನೋಡಬಹುದು.

'ಬಡವರಿಗೆ ದಾನವಾಗಿ ಮನೆ' ಎಂದು ನೀವು ಬರೆದಿರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಿಲ್ಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಪಟ್ಟಣದಲ್ಲಿ ಸ್ಥಾಪಿಸಿದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ, ಆಮೇಲೆ 2005ರಲ್ಲಿ ಅವರೇ ಆರಂಭಿಸಿದ ಫುಲ್ಲರ್ ಸೆಂಟರ್ ಫಾರ್ ಹೌಸಿಂಗ್, ಇವೆರಡೂ ಮನೆಯನ್ನು ಬಿಟ್ಟಿಯಾಗಿ ಹಂಚುವುದಿಲ್ಲ. ಕುಟುಂಬವು ಕೈಗೆಟಕುವ ಕಂತಿನ ಸಾಲದಲ್ಲಿ ಮನೆಯನ್ನು ಕೊಳ್ಳುತ್ತದೆ, ಕಟ್ಟುವ ಕೆಲಸದಲ್ಲಿ ತಾನೂ ನಿಗದಿತ ಗಂಟೆಗಳ ಕಾಲ ದುಡಿಯುತ್ತದೆ. ಮರಳಿ ಬಂದ ಕಂತಿನ ಹಣ ಮುಂದಿನ ಮನೆಗಳಿಗೆ ಸಲ್ಲುತ್ತದೆ. ನಮ್ಮ ಜೊತೆ ಗೋಡೆ ಜೋಡಿಸುತ್ತಿದ್ದ ಹೆಂಗಸು ಆ ಮನೆಯ ಮುಂದಿನ ಒಡತಿ. ನಾನು ಸುತ್ತಿಗೆಯನ್ನು ತಲೆಯ ಹತ್ತಿರ ಹಿಡಿದಿದ್ದನ್ನು ನೋಡಿ, ಹಿಡಿಯ ತುದಿಗೆ ನನ್ನ ಕೈಯನ್ನು ಸರಿಸಿ, ಮೊದಲ ಎರಡು ಏಟು ಮೆಲ್ಲಗೆ ಹೊಡೆದು ಮೊಳೆ ನಿಂತ ಮೇಲೆ ಬಲ ಹಾಕುವಂತೆ ಆಕೆ ತೋರಿಸಿಕೊಟ್ಟರು. ಕಲಿಸಿದವರು ಯಾರು, ಕಲಿತವರು ಯಾರು ಎಂಬುದನ್ನು ನೀವೇ ಯೋಚಿಸಿ.

ಹೀಗಾಗಿ ಬಡಗಿ ಕೆಲಸ ಬಾರದೆಂಬ ಅಳುಕು ಬೇಡ. ಅಲ್ಲಿ ಸಾಮಾನ್ಯವಾಗಿ ಕಟ್ಟುವುದು ಮರದ ಚೌಕಟ್ಟಿನ ಮನೆ. ನಿಲುವು ಪಟ್ಟಿಗಳನ್ನು ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 16 ಇಂಚು ಬರುವಂತೆ ನೆಲದ ಮೇಲೆಯೇ ಮಲಗಿಸಿ, ಮೊಳೆ ಹೊಡೆದು, ಇಡೀ ಗೋಡೆಯನ್ನು ಎಲ್ಲರೂ ಸೇರಿ ಎತ್ತಿ ನಿಲ್ಲಿಸುತ್ತಾರೆ. ಹೊದಿಕೆಯ ಹಲಗೆ ನಾಲ್ಕು ಅಡಿ, ಅಂದರೆ 48 ಇಂಚು ಅಗಲವಿರುವುದರಿಂದ ಅದರ ಅಂಚು ಪ್ರತಿ ಮೂರನೆಯ ಪಟ್ಟಿಯ ನಡುವಿನಲ್ಲೇ ಬಂದು ಕೂರುತ್ತದೆ. ಒಂದು ಪಟ್ಟಿ ಅರ್ಧ ಇಂಚಿಗಿಂತ ಹೆಚ್ಚು ಸರಿದರೂ ಮುಂದೆ ಹಲಗೆ ಹೊಡೆಯುವವರಿಗೆ ಆಧಾರ ಸಿಗುವುದು ಕಷ್ಟ. ಆದ್ದರಿಂದ ಹೊಸಬರಲ್ಲಿ ಬಯಸುವುದು ಕೈಚಳಕವನ್ನಲ್ಲ, ಅಳತೆಯಲ್ಲಿ ಶ್ರದ್ಧೆಯನ್ನು. ವಿದ್ಯುತ್ತಿನ ಕೆಲಸ, ನೀರಿನ ಕೊಳವೆಯ ಕೆಲಸಗಳನ್ನು ಪರವಾನಗಿ ಇರುವವರಿಗೇ ಬಿಡುತ್ತಾರೆ.

ನಿಜವಾದ ತೊಡಕು ಇರುವುದು ಸವಾರಿಗೂ ಕಟ್ಟಡದ ಕೆಲಸಕ್ಕೂ ನಡುವೆ, ಮತ್ತು ಇದರ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ದಿನಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಹಾಕಿ ಕುಳಿತವರಿಗೆ ಅಂಗೈಯ ಕಿರುಬೆರಳಿನ ಬದಿಯಲ್ಲಿ ಹಾಯುವ ಅಲ್ನಾರ್ ನರ ಒತ್ತಿಹೋಗುತ್ತದೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದು ಹಿಡಿತ ಸಡಿಲವಾಗುತ್ತದೆ. ರಸ್ತೆಯ ಮೇಲೆ ಇದು ಬರಿಯ ಕಿರಿಕಿರಿ, ಆದರೆ ಸುತ್ತಿಗೆಯನ್ನು ಬಿಗಿಯಾಗಿ ಹಿಡಿಯಬೇಕಾದವರಿಗೆ ಆ ಎರಡು ಬೆರಳುಗಳೇ ಮುಖ್ಯ. ಮೆತ್ತೆಯುಳ್ಳ ಕೈಗವಸು ತೊಡುವುದು, ಮಣಿಕಟ್ಟನ್ನು ಮಡಚದೆ ನೇರವಾಗಿಡುವುದು, ಕೆಲವೇ ನಿಮಿಷಗಳಿಗೊಮ್ಮೆ ಹಿಡಿತದ ಜಾಗ ಬದಲಿಸುವುದು, 28ರಿಂದ 32 ಮಿಲಿಮೀಟರ್ ಅಗಲದ ಟೈರಿನಲ್ಲಿ ಗಾಳಿಯನ್ನು ತುಸು ಕಡಿಮೆ ಇಡುವುದು, ಇವೆಲ್ಲ ನೆರವಾಗುತ್ತವೆ. ಆದರೂ ಜೋಮು ಉಳಿದಿದ್ದರೆ ಮೇಲ್ವಿಚಾರಕರಿಗೆ ಹೇಳಿ ಗುರುತು ಹಾಕುವ ಅಥವಾ ಬಣ್ಣ ಬಳಿಯುವ ಕೆಲಸ ಕೇಳಿ; ಏಣಿ ಹತ್ತಬೇಡಿ.

ಸವಾರಿಗೆ ನಿಮ್ಮ ಈಗಿನ ಅಭ್ಯಾಸ ಸಾಲದು. ಇಂಥ ಯಾತ್ರೆಗಳಲ್ಲಿ ದಿನಕ್ಕೆ ನೂರು ಕಿಲೋಮೀಟರ್ ಆಸುಪಾಸು ಸಾಗುವುದು ಮಾಮೂಲು. ಒಂದು ದಿನ ದೂರ ಹೋಗಿಬರುವುದು ಸಾಧನೆಯೇನಲ್ಲ, ನೋಯುವ ತೊಡೆಗಳೊಂದಿಗೆ ಮರುದಿನ ಮತ್ತೆ ಸೀಟಿನ ಮೇಲೆ ಕೂರುವುದೇ ಪರೀಕ್ಷೆ. ಆದುದರಿಂದ ವಾರಾಂತ್ಯದಲ್ಲಿ ಬೆನ್ನುಬೆನ್ನಿಗೆ ಎರಡು ದಿನ, ಅದೇ ಸೀಟು, ಅದೇ ಚಡ್ಡಿಯಲ್ಲಿ ತುಳಿದು, ಕೆಲವು ತಿಂಗಳಲ್ಲಿ ದೂರವನ್ನು ಹಂತಹಂತವಾಗಿ ಏರಿಸಿ. ಮೆತ್ತೆಯ ಚಡ್ಡಿಯ ಒಳಗೆ ಒಳಉಡುಪು ಬೇಡ. ಅದರ ಹೊಲಿಗೆಯೇ ಹುಣ್ಣು ಮಾಡುತ್ತದೆ. ಏರುದಾರಿಗಳ ಅಂದಾಜು ಬೇಕೆಂದರೆ, 1976ರಿಂದ ಸೈಕಲ್ ಸವಾರರು ಬಳಸುತ್ತಿರುವ ಟ್ರಾನ್ಸ್‌ಅಮೆರಿಕ ಮಾರ್ಗದ ಅತಿ ಎತ್ತರದ ಜಾಗ, ಕೊಲರಾಡೊದ ಹೂಸಿಯರ್ ಕಣಿವೆದಾರಿ, ಸಮುದ್ರಮಟ್ಟದಿಂದ 3,500 ಮೀಟರಿಗೂ ಮೇಲಿದೆ.

ತಂಡದಲ್ಲಿ ಸಾಗುವಾಗ ಮುಂದಿನವರು ಗುಂಡಿ, ಜಲ್ಲಿಗಳನ್ನು ಕೂಗಿ ಹೇಳುತ್ತಾರೆ, ತಿರುವುಗಳಲ್ಲಿ ಸೀಮೆಸುಣ್ಣದಿಂದ ಬಾಣದ ಗುರುತು ಬರೆಯುವ ವಾಡಿಕೆಯೂ ಉಂಟು, ಎಲ್ಲರಿಗಿಂತ ಹಿಂದೆ ಒಬ್ಬರು ಯಾರೂ ಉಳಿಯದಂತೆ ನೋಡಿಕೊಳ್ಳುತ್ತಾರೆ. ನಿಧಾನವಾಗಿ ತುಳಿಯುವವರೆಂದು ನಿಮ್ಮನ್ನು ಬಿಟ್ಟುಹೋಗುವುದಿಲ್ಲ. ರಾತ್ರಿ ಚರ್ಚಿನ ಸಭಾಂಗಣದಲ್ಲೋ ಶಾಲೆಯಲ್ಲೋ ನೆಲದ ಮೇಲೆ ಮಲಗಬೇಕು, ಪಕ್ಕದವರ ಗೊರಕೆ ಸಹಿಸಬೇಕು. ನನಗೆ ಬೆಟ್ಟಕ್ಕಿಂತ ಕಷ್ಟವಾದದ್ದು ಅದೇ.

ಸಾಮಾನು ಕಟ್ಟುವಾಗ, ಸೈಕಲ್ಲಿನ ಬೂಟು ಕಟ್ಟಡದ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ, ಕಾಲ್ಬೆರಳು ಮುಚ್ಚುವ ಗಟ್ಟಿ ಅಡಿಯ ಬೂಟೊಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಧನುರ್ವಾಯುವಿನ ಚುಚ್ಚುಮದ್ದು ಪಡೆದು ಹತ್ತು ವರ್ಷ ದಾಟಿದ್ದರೆ ಹೊರಡುವ ಮುನ್ನ ಅದನ್ನೂ ಹಾಕಿಸಿಕೊಳ್ಳಿ.