ಬೇಲೂರು ದೇವಸ್ಥಾನ ನೋಡಲು ಗೈಡ್ ಬೇಕೇ, ನಾವೇ ನೋಡಿಕೊಂಡು ಬಂದರೆ ಸಾಲದೇ?

ನನ್ನನ್ನು ಕೇಳಿದರೆ, ಮೊದಲ ಸಲ ಹೋಗುವವರು ಗೈಡ್ ಮಾಡಿಕೊಳ್ಳುವುದೇ ಒಳ್ಳೆಯದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಈ ಚೆನ್ನಕೇಶವ ದೇವಾಲಯದ ಸೊಗಸೆಲ್ಲ ಇರುವುದು ಸಣ್ಣ ಸಣ್ಣ ಕೆತ್ತನೆಗಳಲ್ಲಿ. ಒಂದು ಮದನಿಕೆಯ, ಅಂದರೆ ಸುಂದರಿಯ ಶಿಲ್ಪದ, ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಹಲ್ಲಿಯೊಂದು ನೊಣಕ್ಕೆ ಹೊಂಚು ಹಾಕಿ ಕೂತಿದೆ. ಯಾರಾದರೂ ಬೆರಳು ತೋರಿಸದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಒಳಗಿನ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಮಂಟಪವಂತೂ ಕತ್ತಲು. ಅದರ ಭುವನೇಶ್ವರಿಯ (ನಡುಚಾವಣಿಯ) ಕೆತ್ತನೆ ನೋಡಲು ಟಾರ್ಚ್ ಬೇಕೇ ಬೇಕು.

ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯೇ ನೋಡಿ. ಎಷ್ಟು ಹೊತ್ತು, ಎಷ್ಟು ದುಡ್ಡು, ಹಳೇಬೀಡೂ ಸೇರಿದೆಯೇ ಎಂಬುದನ್ನು ಚಪ್ಪಲಿ ಬಿಡುವ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಕೇಳಿದರೆ ಜಗಳವೇ.

ಒಳ್ಳೆಯ ಗೈಡ್ ಯಾರೆಂದು ತಿಳಿಯಲು ನನ್ನದೊಂದು ಉಪಾಯವಿದೆ: "ಶಿಲ್ಪಿಗಳ ಹೆಸರು ಎಲ್ಲಿ ಕೆತ್ತಿದೆ, ತೋರಿಸ್ತೀರಾ?" ಎಂದು ಕೇಳುತ್ತೇನೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರು ಮದನಿಕೆಗಳ ಪೀಠದಲ್ಲೇ ಇದೆ. ಜಕಣಾಚಾರಿ, ಕಪ್ಪೆ ಚೆನ್ನಿಗರಾಯನ ಕಥೆ ಚೆಂದವೇ, ಆದರೆ ಅದು ಐತಿಹ್ಯ. ಅದನ್ನಷ್ಟೇ ಹೇಳಿ ಫೋಟೊ ತೆಗೆಸುವವರಾದರೆ ನಯವಾಗಿ ಬೇಡ ಅನ್ನಿ. ಬೆಳಿಗ್ಗೆ ಬೇಗ ಹೋಗಿ, ಬಸ್ಸುಗಳು ಬರುವ ಮುಂಚೆ ಗೈಡ್‌ಗಳಿಗೂ ಪುರುಸೊತ್ತಿರುತ್ತದೆ.