ಚೀಟಿ ಮಂಗಳೂರಿನದ್ದು, ಮದ್ದು ಕಾಸರಗೋಡಿನದ್ದು

ಮಂಗಳೂರು ಬರೀ 50 ಕಿಲೋಮೀಟರ್, ಮತ್ತೆ ಕಾಸರಗೋಡಿನ ಮೆಡಿಕಲ್‌ಗಳಿಗೆ ಮದ್ದು ಅಲ್ಲಿಂದಲೇ ತರಿಸಿದರೆ ಏನು ಎಂದು ಕೇಳಿದ್ದೀರಿ. ಇಲ್ಲಿ ಔಷಧ ಸ್ಟಾಕಿಸ್ಟರ (ಕಂಪೆನಿಯಿಂದ ತರಿಸಿ ಅಂಗಡಿಗಳಿಗೆ ಸಗಟು ಮಾರುವವರ) ಆರ್ಡರ್ ಡೆಸ್ಕಿಗೆ ಹೊಸದಾಗಿ ಸೇರುವವರು ಮೊದಲು ಕಲಿಯಬೇಕಾದದ್ದೇ ಅದು.

ಮಂಜೇಶ್ವರ, ಉಪ್ಪಳ, ಪೆರ್ಲ ಕಡೆಯವರು ದೊಡ್ಡ ಕಾಯಿಲೆಗೆ ಹೋಗುವುದು ಗಡಿಯಾಚೆಯ ದೇರಳಕಟ್ಟೆಯ ಆಸ್ಪತ್ರೆಗಳಿಗೆ, ಇಲ್ಲವೇ ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅದರ ಕಷ್ಟ ಎಲ್ಲರೂ ಕಂಡರು. ಡಾಕ್ಟರ ಚೀಟಿ ಅಲ್ಲಿಯದ್ದು, ಕಂಪೆನಿಗಳು ರಾಜ್ಯವಾರು ಸರಕು ಹಂಚುವುದರಿಂದ ನಮ್ಮ ಸ್ಟಾಕು ಕೇರಳದ ಡಿಪೋಗಳಿಂದ ಬರುವಂಥದ್ದು. ಆಚೆಯ ಡಾಕ್ಟರು ಬರೆದ ಬ್ರಾಂಡ್ ಈಚೆ ಸಿಗದಿರುವುದು ಹೀಗೆ.

ಅಂಗಡಿಯವರು ಮಂಗಳೂರಿನಿಂದಲೇ ತರಿಸಿದರೆ ತೆರಿಗೆಯಿಂದ ತೊಂದರೆ ಇಲ್ಲ. ಹೆಚ್ಚಿನ ಮದ್ದಿಗೆ ಈಗ ಜಿಎಸ್‌ಟಿ ಶೇ. 5, ಕೇರಳದೊಳಗಿನ ಬಿಲ್ಲಿನಲ್ಲಿ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಒಡೆಯುತ್ತದೆ, ಮಂಗಳೂರಿನ ಬಿಲ್ಲಿನಲ್ಲಿ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ ಎಂದು ಒಟ್ಟಿಗೆ ಬರುತ್ತದೆ. ನಿಜವಾದ ಗಂಟು ಎಕ್ಸ್‌ಪೈರಿಯದ್ದು. ಅವಧಿ ಮುಗಿದ ಸ್ಟ್ರಿಪ್ ವಾಪಸ್ ಬಂದಾಗ ಬಿಲ್ಲಿನ ಬ್ಯಾಚ್ ನಂಬರಿಗೆ ತಾಳೆ ಹಾಕಬೇಕು. ತಾವು ಮಾರದ ಬ್ಯಾಚನ್ನು ಸ್ಟಾಕಿಸ್ಟರು ತೆಗೆದುಕೊಳ್ಳುವುದಿಲ್ಲ, ಕಂಪೆನಿ ಅದಕ್ಕೆ ಹಣ ಕೊಡುವುದೂ ಇಲ್ಲ. ಮಂಗಳೂರಿನಿಂದ ತಂದ ನಾಲ್ಕು ಸ್ಟ್ರಿಪ್ ಉಳಿದರೆ ನಷ್ಟ ಅಂಗಡಿಯವರದ್ದೇ.

ಹಾಗಾಗಿ ಫೋನಿನಲ್ಲಿ ಆರ್ಡರ್ ಬಂದರೆ ಬ್ರಾಂಡ್ ಹೆಸರು ಮಾತ್ರ ಬರೆದುಕೊಂಡರೆ ಸಾಲದು. ಒಳಗಿನ ಮದ್ದು ಯಾವುದು, ಎಷ್ಟು ಮಿಲಿಗ್ರಾಂ, ಹೆಸರಿನ ಬಾಲ ಏನು ಎಂದು ಕೇಳಿ. ಬಿಪಿಯ ಮದ್ದು ಟೆಲ್ಮಿಸಾರ್ಟಾನ್ 40 ಬೇರೆ, 40 ಎಎಂ ಬೇರೆ, 40 ಎಚ್ ಬೇರೆ. ಎಎಂನಲ್ಲಿ ಬಿಪಿಯ ಇನ್ನೊಂದು ಮದ್ದು ಆಮ್ಲೋಡಿಪಿನ್ ಸೇರಿರುತ್ತದೆ, ಎಚ್‌ನಲ್ಲಿ ಮೂತ್ರ ಹೋಗಿಸುವ ಮದ್ದು. ಬಾಲ ಬಿಟ್ಟು ಬರೆದರೆ ರೋಗಿಯ ಬಿಪಿಯೇ ಏರುಪೇರಾದೀತು. ಆಮೇಲೆ ಲೆಕ್ಕ. ಮಲಯಾಳದಲ್ಲಿ "ಪತ್ತ್" (ಹತ್ತು) ಎಂದರೆ ಹತ್ತು ಸ್ಟ್ರಿಪ್ಪೋ ಹತ್ತು ಬಾಕ್ಸೋ? ಬಾಕ್ಸಿನಲ್ಲಿ ಹತ್ತು ಸ್ಟ್ರಿಪ್ ಇದ್ದರೆ ಒಂದು ಮಾತು ಕೇಳದ್ದಕ್ಕೆ ಹತ್ತು ಪಟ್ಟು ಸರಕು ಹೋಗುತ್ತದೆ. ಕೊನೆಗೆ ಇಡೀ ಆರ್ಡರ್ ತಿರುಗಿ ಓದಿ ಹೇಳಿ, ಅವರು ಮಲಯಾಳದಲ್ಲಿ ಹೇಳಿದ್ದರೆ ಮಲಯಾಳದಲ್ಲೇ.

ಬ್ರಾಂಡ್ ಇಲ್ಲವಾದರೆ "ಅದೇ ಮದ್ದು ಬೇರೆ ಕಂಪೆನಿಯದ್ದು ಉಂಟು" ಎಂದು ತಿಳಿಸಬಹುದು, ಅಷ್ಟೇ. ಷೆಡ್ಯೂಲ್ ಎಚ್ ಮದ್ದನ್ನು (ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬಹುದಾದದ್ದು) ಅಂಗಡಿಯವರೇ ತಮ್ಮಷ್ಟಕ್ಕೆ ಬದಲಿಸುವಂತಿಲ್ಲ, ಡಾಕ್ಟರನ್ನು ಕೇಳಬೇಕು. ಯಾವ ಊರಿನಿಂದ ಯಾವ ಬ್ರಾಂಡ್ ಪದೇ ಪದೇ ಕೇಳುತ್ತಾರೆಂದು ಬರೆದಿಟ್ಟು ತಿಂಗಳಿಗೊಮ್ಮೆ ಕಂಪೆನಿ ರೆಪ್ಪಿಗೆ (ಪ್ರತಿನಿಧಿಗೆ) ಕೊಡಿ. ಆ ಬ್ರಾಂಡ್ ಇಲ್ಲಿಯ ಸ್ಟಾಕಿಗೆ ಸೇರಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮಳೆಗಾಲಕ್ಕೆ ಇಲಿಜ್ವರದ ಡಾಕ್ಸಿಸೈಕ್ಲಿನ್ ಜೂನ್‌ಗೆ ಮೊದಲೇ ತರಿಸಿಡಿ.

ಇನ್ಸುಲಿನ್‌ಗೆ ಹೆಚ್ಚು ಜಾಗ್ರತೆ ಬೇಕು. 2ರಿಂದ 8 ಡಿಗ್ರಿಯೊಳಗೆ ಇರಬೇಕೆಂದು ಐಸ್ ಜೆಲ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ನೇರ ಪೆಟ್ಟಿಗೆಗೆ ತಾಗಿಸಿ ಇಡುತ್ತಾರೆ. ಅಡಿಯ ವಯಲ್‌ಗಳು ಹೆಪ್ಪುಗಟ್ಟುತ್ತವೆ. ಕರಗಿದ ಮೇಲೆ ನೋಡಲು ಸರಿ ಕಂಡರೂ ಅದು ಕೆಲಸಕ್ಕಿಲ್ಲ. ಜೆಲ್ ಪ್ಯಾಕಿನ ಮೇಲೆ ನೀರ ಹನಿ ಮೂಡುವವರೆಗೆ ಹೊರಗಿಟ್ಟು, ನಡುವೆ ದಪ್ಪ ರಟ್ಟು ಕೊಟ್ಟು ಕಟ್ಟಿ. ಶನಿವಾರ ಸಂಜೆಯ ವ್ಯಾನಿಗೆ ಕೊಡುವ ಮೊದಲು ಅಂಗಡಿ ತೆರೆದಿದೆಯೇ ಎಂದು ಫೋನ್ ಮಾಡಿ. ಬಾಗಿಲು ಹಾಕಿದ್ದರೆ ಪೆಟ್ಟಿಗೆ ಸೋಮವಾರದವರೆಗೆ ವ್ಯಾನಿನಲ್ಲೇ ಉಳಿಯುತ್ತದೆ.